ಅಚೆಬೆ ಉತ್ತರ ಕೊಟ್ಟದ್ದು ಯಾರಿಗೆ?

ಶಿರಸಿಯಲ್ಲಿ ನಮ್ಮದೊಂದು ಸಣ್ಣ ಓದಿನ ಕೂಟ ಇದೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯ ಜಗಲಿಯಲ್ಲಿ ಏಳೆಂಟು ಜನ ಸೇರುತ್ತೇವೆ. ಪುಸ್ತಕದ ಮಾತು ಅರ್ಧ, ಅಡಿಕೆ ದರದ ಮಾತು ಅರ್ಧ. ಕಳೆದ ಮಳೆಗಾಲದಲ್ಲಿ ನೈಜೀರಿಯಾದ ಚಿನುವಾ ಅಚೆಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ ಇಟ್ಟುಕೊಂಡಿದ್ದೆವು. ಮಾತು ಮುಗಿದು ಕಷಾಯ ಬರುವ ಹೊತ್ತಿಗೆ ಕೂಟದ ಹಿರಿಯರೊಬ್ಬರು (ನಮಗೆಲ್ಲ ಅವರು ಮಾವ) ಪುಸ್ತಕ ಮುಚ್ಚಿಟ್ಟು, "ಅಂತೂ ಇದೊಂದು ಓದಿರೆ ಆಫ್ರಿಕಾ ಪೂರಾ ತಿಳದಾಂಗೇ ಆತಲೋ ತಮಾ" ಅಂದರು. ನಾನು ಸುಮ್ಮನಿರಲಾರದೆ, "ಚೋಮನ ದುಡಿ ಓದಿರೆ ಏಷ್ಯಾ ಪೂರಾ ಗೊತ್ತಾಗ್ತಾ ಮಾವ?" ಅಂದೆ.

ಎಲ್ಲರೂ ನಕ್ಕರು, ಮಾವನೂ ನಕ್ಕರು. ಆದರೆ ರಾತ್ರಿ ಮನೆಗೆ ಬಂದ ಮೇಲೆ ಆ ಮಾತು ನನ್ನನ್ನೇ ಕೊರೆಯತೊಡಗಿತು. ಕಾರಂತರ ಚೋಮನ ಹೆಗಲ ಮೇಲೆ ಏಷ್ಯಾವನ್ನು ಯಾರೂ ಹೊರಿಸುವುದಿಲ್ಲ, ಇಂಡಿಯಾವನ್ನೂ ಹೊರಿಸುವುದಿಲ್ಲ. ಅಚೆಬೆಯ ನಾಯಕ ಒಕೊಂಕ್ವೊನ ಹೆಗಲ ಮೇಲೆ ಮಾತ್ರ ಒಂದು ಖಂಡವನ್ನೇ ಇಟ್ಟದ್ದು ಯಾಕೆ? ಹಾಗೆ ಇಡಬಾರದು ಎಂದಾದರೆ, ಆ ಪುಸ್ತಕಕ್ಕೂ ಆಫ್ರಿಕಾದ ಉಳಿದ ಸಾಹಿತ್ಯಕ್ಕೂ ಇರುವ ಸಂಬಂಧವನ್ನು ಏನೆಂದು ಹೇಳುವುದು?

ಓದದವರಿಗಾಗಿ ಕತೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆ. ಇಂದಿನ ನೈಜೀರಿಯಾದ ಇಗ್ಬೊ ಜನರ ಉಮೋಫಿಯಾ ಎಂಬ ಊರು. ಒಕೊಂಕ್ವೊ ಕುಸ್ತಿಯಲ್ಲಿ ಹೆಸರು ಮಾಡಿದವನು, ಮೂವರು ಹೆಂಡಿರ ಗಂಡ, ಗೆಣಸಿನ ಕಣಜ ತುಂಬಿಸಿಕೊಂಡ ರೈತ. (ಗೆಣಸು ಅಂದರೆ ಸಿಹಿಗೆಣಸಲ್ಲ. ಜೋಯಿಡಾದಲ್ಲಿ ಕುಣಬಿಗಳು ಗೆಡ್ಡೆ ಮೇಳ ಮಾಡುತ್ತಾರಲ್ಲ, ಅಲ್ಲಿ ಕಾಣುವ ದಪ್ಪ ಬಳ್ಳಿಗೆಣಸಿನ ಜಾತಿ.) ಸಾಲ ಮಾಡಿಯೇ ಸತ್ತ ಅಪ್ಪನ ಹಾಗೆ ತಾನಾಗಬಾರದು ಎಂಬ ಒಂದೇ ಹೆದರಿಕೆ ಅವನನ್ನು ಕಲ್ಲಾಗಿಸಿದೆ. ತನ್ನನ್ನೇ ಅಪ್ಪ ಎಂದು ಕರೆಯುತ್ತಿದ್ದ ಹುಡುಗ ಇಕೆಮೆಫುನಾನನ್ನು, ಪುಕ್ಕಲ ಎನಿಸಿಕೊಳ್ಳಬಾರದೆಂದು ತಾನೇ ಕಡಿಯುತ್ತಾನೆ. ಮುಂದೆ ಕೈತಪ್ಪಿ ಆದ ಒಂದು ಸಾವಿಗೆ ಏಳು ವರ್ಷ ತಾಯಿಯ ತವರೂರಿನಲ್ಲಿರಬೇಕಾಗುತ್ತದೆ. ತಿರುಗಿ ಬರುವಷ್ಟರಲ್ಲಿ ಇಗರ್ಜಿ, ಕೋರ್ಟು, ಬಿಳಿಯ ಜಿಲ್ಲಾಧಿಕಾರಿ ಎಲ್ಲ ಬಂದು ಕೂತಾಗಿದೆ. ಹಿರಿಮಗ ನ್ವೊಯೆ ಇಗರ್ಜಿ ಸೇರಿಯಾಗಿದೆ. ಒಕೊಂಕ್ವೊ ಕೋರ್ಟಿನ ಜವಾನನೊಬ್ಬನನ್ನು ಕಡಿದು, ತಾನು ನೇಣು ಹಾಕಿಕೊಳ್ಳುತ್ತಾನೆ. 1958ರಲ್ಲಿ ಲಂಡನ್ನಿನ ಹೈನ್‌ಮನ್ ಪ್ರಕಾಶನ ಇದರ 2000 ಪ್ರತಿ ಅಚ್ಚು ಹಾಕಿತು. ಅಚೆಬೆಯವರಿಗೆ ಆಗ 27 ವರ್ಷ. ಇವತ್ತು ಇದು 50ಕ್ಕೂ ಹೆಚ್ಚು ಭಾಷೆಗಳಲ್ಲಿದೆ.

ಇನ್ನು ಖಂಡದ ಅಳತೆ. ಆಫ್ರಿಕಾದಲ್ಲಿ 54 ದೇಶ, ಸುಮಾರು ಎರಡು ಸಾವಿರ ಭಾಷೆ. ನೈಜೀರಿಯಾ ಒಂದರಲ್ಲೇ 500ಕ್ಕೂ ಹೆಚ್ಚು. ಇಗ್ಬೊ ಅದರಲ್ಲೊಂದು. ಅವತ್ತು ಜಗಲಿಯಲ್ಲಿ ಇನ್ನೊಬ್ಬರು, ಇದು ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರೀಕರ ಕತೆಯೇ ಅಲ್ಲವೇ ಎಂದು ಕೇಳಿದ್ದರು. ಸಿದ್ದಿಗಳ ಪೂರ್ವಜರನ್ನು ಪೋರ್ಚುಗೀಸರ ಕಾಲದಲ್ಲಿ ಹೆಚ್ಚಾಗಿ ಆಫ್ರಿಕಾದ ಪೂರ್ವ ಮತ್ತು ಆಗ್ನೇಯ ಕರಾವಳಿಯಿಂದ ಗೋವೆಗೆ ಸಾಗಿಸಿದರು. ಇಗ್ಬೊ ನಾಡು ಇರುವುದು ಪಶ್ಚಿಮದಲ್ಲಿ, ಖಂಡದ ಇನ್ನೊಂದು ಮಗ್ಗುಲಿಗೆ. ಕಾರವಾರದವರ ಕತೆ ಕೇಳಿ ಬೀಜಿಂಗಿನವರ ನೆಂಟಸ್ತನ ಹುಡುಕಿದ ಹಾಗಾಗುತ್ತದೆ.

ಅಂದಮೇಲೆ ಪ್ರತಿನಿಧಿ ಎನ್ನುವ ಮಾತನ್ನು ಬಿಡಬೇಕು. ನನಗೆ ಸರಿ ಕಾಣುವ ಲೆಕ್ಕ ನಮ್ಮ ತಾಳಮದ್ದಳೆಯದ್ದು. 'ಕೃಷ್ಣ ಸಂಧಾನ' ಪ್ರಸಂಗ ಎಲ್ಲರಿಗೂ ಗೊತ್ತು, ಭಾಗವತರ ಪದವೂ ಅದೇ. ಆದರೆ ಕೃಷ್ಣನ ಅರ್ಥಧಾರಿ ಇವತ್ತು ಏನು ಮಾತಾಡುತ್ತಾನೆ ಎಂಬುದು ಎದುರು ಕೂತ ಕೌರವ ಈಗಷ್ಟೇ ಏನೆಂದ ಎಂಬುದರ ಮೇಲೆ ನಿಂತಿದೆ. ಕೌರವನ ಮಾತನ್ನೆಲ್ಲ ಅಳಿಸಿ ಕೃಷ್ಣನ ಮಾತನ್ನಷ್ಟೇ ಮುದ್ರಿಸಿ ಕೇಳಿಸಿದರೆ ಶಬ್ದ ಎಲ್ಲ ತಿಳಿಯುತ್ತದೆ, ಆ ಸಿಟ್ಟು ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ. ಕಾದಂಬರಿಯೂ ಪರಂಪರೆಯಲ್ಲಿ ಹಾಗೆ ಕೂತಿರುತ್ತದೆ. ಯಾರೋ ಆಡಿದ ಮಾತಿಗೆ ಅದು ಉತ್ತರ. ಮುಂದೆ ಅದಕ್ಕೂ ಉತ್ತರ ಕೊಡುವವರು ಬರುತ್ತಾರೆ. ಅಚೆಬೆಯನ್ನು ಒಬ್ಬರನ್ನೇ ಓದುವುದೆಂದರೆ ಒಬ್ಬನೇ ಅರ್ಥಧಾರಿಯ ತಾಳಮದ್ದಳೆ ಕೇಳಿದಂತೆ.

ಹಾಗಾದರೆ ಎದುರಿಗೆ ಕೂತವರು ಯಾರು?

ಮೊದಲನೆಯವರು ಇಂಗ್ಲಿಷ್ ಕಾದಂಬರಿಕಾರರು. ಅಚೆಬೆ ಇಬಾದಾನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದುವಾಗ ಜಾಯ್ಸ್ ಕ್ಯಾರಿಯವರ 1939ರ 'ಮಿಸ್ಟರ್ ಜಾನ್ಸನ್' ಪಾಠಕ್ಕಿತ್ತು. ನೈಜೀರಿಯಾದ ಒಬ್ಬ ಗುಮಾಸ್ತ, ಬಿಳಿಯ ದೊರೆಯನ್ನು ಆರಾಧಿಸುವ ನಗೆಗೀಡಿನ ಪ್ರಾಣಿ. ಕೊನೆಗೆ ಆ ದೊರೆಯ ಗುಂಡಿಗೇ ಸಾಯುತ್ತಾನೆ. ಆಫ್ರಿಕಾದ ಬಗ್ಗೆ ಬಂದ ಶ್ರೇಷ್ಠ ಕಾದಂಬರಿ ಎಂದು ಹೊರಗೆಲ್ಲ ಹೊಗಳಿಕೆ. ತರಗತಿಯ ಒಬ್ಬ ಹುಡುಗ ಎದ್ದು ನಿಂತು, ಇಡೀ ಪುಸ್ತಕದಲ್ಲಿ ತನಗೆ ಖುಷಿ ಕೊಟ್ಟದ್ದು ಜಾನ್ಸನ್ ಗುಂಡೇಟಿಗೆ ಸತ್ತ ಗಳಿಗೆ ಒಂದೇ ಎಂದು ಮೇಷ್ಟರ ಮುಖಕ್ಕೇ ಹೇಳಿದನಂತೆ. ಅಚೆಬೆ ಇದನ್ನು ಮುಂದೆ ಬರೆದಿದ್ದಾರೆ. ಆ ಹುಡುಗನ ಮಾತು ನನಗೆ ಎಷ್ಟೋ ವಿಮರ್ಶಾ ಗ್ರಂಥಗಳಿಗಿಂತ ಹಿಡಿಸುತ್ತದೆ. ನಮ್ಮನ್ನು ಹೀಗೆ ಚಿತ್ರಿಸುವುದಾದರೆ ಆ ಚಿತ್ರ ಬೇಗ ಮುಗಿಯಲಿ ಎಂದ ಹಾಗಿದೆ.

ಕ್ಯಾರಿಯ ಹಿಂದೆ ಇನ್ನೂ ದೊಡ್ಡ ನೆರಳು ಇತ್ತು: ಜೋಸೆಫ್ ಕಾನ್ರಾಡ್ ಅವರ 'ಹಾರ್ಟ್ ಆಫ್ ಡಾರ್ಕ್‌ನೆಸ್'. ಪತ್ರಿಕೆಯಲ್ಲಿ ಅದು ಬಂದದ್ದು 1899ರಲ್ಲಿ. ನಮ್ಮ ಕರಾವಳಿಯಲ್ಲಿ 'ಇಂದಿರಾಬಾಯಿ' ಅಚ್ಚಾದ ವರ್ಷವೂ ಅದೇ. ಗುಲ್ವಾಡಿಯವರು ಕನ್ನಡದ ಹೆಣ್ಣೊಬ್ಬಳಿಗೆ ಬಾಯಿ ಕೊಡುತ್ತಿದ್ದ ಹೊತ್ತಿಗೆ, ಕಾನ್ರಾಡ್ ಕಾಂಗೋ ನದಿಯ ದಡದ ಜನರಿಗೆ ಕೈಕಾಲು, ಕಣ್ಣು, ಕೂಗು ಕೊಟ್ಟು ಮಾತನ್ನು ಹೆಚ್ಚುಕಡಿಮೆ ಕೊಡಲೇ ಇಲ್ಲ. 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಉಪನ್ಯಾಸವೊಂದರಲ್ಲಿ ಅಚೆಬೆ ಕಾನ್ರಾಡ್‌ರನ್ನು ಜನಾಂಗದ್ವೇಷಿ ಎಂದು ನೇರವಾಗಿಯೇ ಕರೆದರು. ಆ ಜಗಳ ಇನ್ನೂ ಮುಗಿದಿಲ್ಲ.

ಆದರೆ ಅಚೆಬೆಯ ನಿಜವಾದ ಪೆಟ್ಟು ಇರುವುದು ಕಾದಂಬರಿಯ ಕೊನೆಯ ಪ್ಯಾರಾದಲ್ಲಿ. ಒಕೊಂಕ್ವೊನ ಹೆಣ ಮರದಲ್ಲಿ ನೇತಾಡುತ್ತಿದೆ. ಜಿಲ್ಲಾಧಿಕಾರಿ ನಡೆದು ಹೋಗುತ್ತ ತಾನು ಬರೆಯಲಿರುವ ಪುಸ್ತಕದ ಬಗ್ಗೆ ಯೋಚಿಸುತ್ತಾನೆ. ಈ ಮನುಷ್ಯನ ಮೇಲೆ ಒಂದು ಅಧ್ಯಾಯ ಬರೆಯಬಹುದು. ಅಷ್ಟೇಕೆ, ಒಂದು ಪ್ಯಾರಾ ಸಾಕು, ಉಳಿದ ವಿಷಯ ಬೇಕಾದಷ್ಟಿದೆ. ಪುಸ್ತಕದ ಹೆಸರನ್ನೂ ಯೋಚಿಸಿಟ್ಟಾಗಿದೆ, ಕೆಳ ನೈಜರ್ ಸೀಮೆಯ ಕಾಡುಜನರನ್ನು ಶಾಂತಗೊಳಿಸಿದ ಬಗ್ಗೆ. ಇಪ್ಪತ್ತೈದು ಅಧ್ಯಾಯ ಆ ಮನುಷ್ಯನ ಜೊತೆ ಬದುಕಿದ ಓದುಗರಿಗೆ ಇದು ಕಪಾಳಕ್ಕೆ ಹೊಡೆದಂತೆ.

ನಾವು ಉತ್ತರ ಕನ್ನಡದವರು ಇದನ್ನು ಓದುವಾಗ ಒಂದು ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು: 1883ರ ಮುಂಬಯಿ ಪ್ರಾಂತದ ಕೆನರಾ ಗೆಝೆಟಿಯರ್. ಒಳ್ಳೆಯ ಪುಸ್ತಕವೇ, ಬಂದರು, ಘಟ್ಟ, ಬೆಳೆ, ದೇವಸ್ಥಾನ ಎಲ್ಲದರ ಮಾಹಿತಿಗೆ ನಾನು ಎಷ್ಟೋ ಸಲ ತೆರೆದಿದ್ದೇನೆ. ಆದರೆ ಜನರ ಭಾಗಕ್ಕೆ ಬಂದರೆ ಜಾತಿಗೊಂದು ಟಿಪ್ಪಣಿ. ಮೈಬಣ್ಣ ಹೀಗೆ, ಉಡುಗೆ ಹೀಗೆ, ಊಟ ಇದು, ಸ್ವಭಾವ ಇಂಥದ್ದು. ಹಾಲಕ್ಕಿಗಳು ಮುಗಿದರೆ ಮುಂದಿನವರು. ಅದೇ ಹಾಲಕ್ಕಿಗಳ ಹಾಡುಗಾರ್ತಿ, ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ನೆನಪಿನಲ್ಲಿದ್ದ ಹಾಡುಗಳ ರಾಶಿಗೆ ಅಂಥ ಪ್ಯಾರಾದಲ್ಲಿ ಎಲ್ಲಿದೆ ಜಾಗ? ಅಚೆಬೆಯ ಕಾದಂಬರಿ ಮಾಡುವುದು ಅದನ್ನೇ: ಸರ್ಕಾರಿ ಪ್ಯಾರಾವನ್ನು ಒಡೆದು ಒಳಗಿದ್ದ ಮನುಷ್ಯನನ್ನು ಹೊರಗೆ ಎಳೆಯುವುದು. ಅಂಥ ಪ್ಯಾರಾಗಳ ಅನುಭವ ಇಡೀ ಖಂಡಕ್ಕಿತ್ತು, ನಮಗೂ ಇತ್ತು. ಇಗ್ಬೊ ಊರಿನ ಕತೆ ಊರು ದಾಟಿ ಹೋದದ್ದಕ್ಕೆ ಇದು ಮುಖ್ಯ ಕಾರಣ ಎಂದು ನನ್ನ ಎಣಿಕೆ.

ಎರಡನೆಯದಾಗಿ ಅಚೆಬೆ ಮಾತಾಡುತ್ತಿದ್ದುದು ತಮ್ಮದೇ ಊರ ಹಿರಿಯರ ಜೊತೆ. ಆಫ್ರಿಕಾದ ಸಾಹಿತ್ಯ ಎಂದೊಡನೆ ಮೌಖಿಕ ಪರಂಪರೆ ಎಂಬ ಮಾತು ತಪ್ಪದೆ ಬರುತ್ತದೆ. ಮಾಲಿಯ ಸುಂಜಾತ ಮಹಾಕಾವ್ಯವನ್ನು ತಲೆತಲಾಂತರದಿಂದ ಹಾಡಿದ ಗ್ರಿಯೋ ಗಾಯಕರು, ಒಗಟು, ಗಾದೆ, ಅಜ್ಜಿಕತೆ. ಇಗ್ಬೊಗಳಲ್ಲಿ ಗಾದೆ ಎಂದರೆ ಮಾತನ್ನು ಉಣ್ಣಲು ಬೇಕಾದ ತಾಳೆ ಎಣ್ಣೆ ಎಂದು ಕಾದಂಬರಿಯ ಶುರುವಿನಲ್ಲೇ ಬರುತ್ತದೆ. ನಮ್ಮ ಕಡೆ ಆಗಿದ್ದರೆ ತೆಂಗಿನೆಣ್ಣೆ ಅನ್ನುತ್ತಿದ್ದೆವು.

ಇಲ್ಲಿ ಸಣ್ಣದೊಂದು ಅಡ್ಡದಾರಿ. ಬಾಸೆಲ್ ಮಿಷನ್ ನಮಗೆ ಮಂಗಳೂರಿನದೆಂಬಷ್ಟು ಸಲುಗೆ. ಅದು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಮೊದಲು 1828ರಲ್ಲೇ ಅದು ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಈಗಿನ ಘಾನಾ, ತಲುಪಿತ್ತು. ಇಲ್ಲಿ ಕಿಟೆಲ್ 1894ರಲ್ಲಿ ಗಾದೆಗಳನ್ನೂ ತುಂಬಿಸಿ ಕನ್ನಡ ನಿಘಂಟು ತಂದರೆ, ಅಲ್ಲಿ ಅದೇ ಮಿಷನ್ನಿನ ಕ್ರಿಸ್ಟಾಲರ್ 1879ರಲ್ಲಿ ಟ್ವಿ ಭಾಷೆಯ 3600 ಗಾದೆಗಳನ್ನು ಕೂಡಿಸಿ ಅಚ್ಚು ಹಾಕಿದ್ದರು. ಅದು ಇಗ್ಬೊ ನಾಡಲ್ಲ, ನಡುವೆ ಎರಡು ದೇಶ ದಾಟಬೇಕು. ಆದರೂ ಎರಡು ಖಂಡಗಳ ಬಾಯಿಮಾತು ಒಂದೇ ಸಂಸ್ಥೆಯ ಅಚ್ಚಿನ ಮೊಳೆಗೆ ಸಿಕ್ಕಿತ್ತು ಎಂಬುದು ನನಗೆ ಇನ್ನೂ ಸೋಜಿಗ.

ನಿಘಂಟಿನ ಗಾದೆಗೂ ಕಾದಂಬರಿಯ ಗಾದೆಗೂ ವ್ಯತ್ಯಾಸ ಇದೆ. ನಿಘಂಟಿನಲ್ಲಿ ಗಾದೆ ಒಣಗಿಸಿಟ್ಟ ಕೊಕಂ ಸಿಪ್ಪೆಯ ಹಾಗೆ ಕೆಡದೆ ಇರುತ್ತದೆ. ಅಚೆಬೆಯ ಪುಟದಲ್ಲಿ ಅದು ವಾದಕ್ಕಿಳಿಯುತ್ತದೆ, ಸೋಲುತ್ತದೆ ಕೂಡ. ಮನುಷ್ಯ ಹೌದೆಂದರೆ ಅವನ 'ಚಿ'ಯೂ ಹೌದೆನ್ನುತ್ತದೆ ಎಂಬುದೊಂದು ಇಗ್ಬೊ ಮಾತು. ಚಿ ಎಂದರೆ ಒಬ್ಬೊಬ್ಬನ ಬೆನ್ನಿಗಿರುವ ದೈವ. ಒಕೊಂಕ್ವೊ ಏರುಮುಖದಲ್ಲಿರುವಾಗ ಜನ ಈ ಮಾತನ್ನು ಅವನಿಗೆ ಹೊಂದಿಸಿ ಹೇಳುತ್ತಾರೆ. ಗಡಿಪಾರಾದ ಮೇಲೆ ಅದೇ ಮಾತು ತಿರುಗಿ ಬರುತ್ತದೆ, ಹಿರಿಯರ ಮಾತು ಸುಳ್ಳಾಯಿತು ಎಂದು. ಇವನು ಹೌದು ಹೌದೆಂದರೂ ಚಿ ಇಲ್ಲ ಎನ್ನುತ್ತಿದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಬೆಳೆದ ನಮಗೆ ಇದು ತಟ್ಟಬೇಕು. ಪರಂಪರೆಯನ್ನು ಪ್ರದರ್ಶನಕ್ಕಿಟ್ಟ ಲೇಖಕ ಹೀಗೆ ಮಾಡುವುದಿಲ್ಲ. ಉಮೋಫಿಯಾದ ಕ್ರೌರ್ಯವನ್ನೂ ಅಚೆಬೆ ಮುಚ್ಚಿಡಲಿಲ್ಲ: ಅವಳಿ ಮಕ್ಕಳನ್ನು ಕಾಡಿಗೆ ಎಸೆಯುವುದು, 'ಒಸು' ಎನಿಸಿಕೊಂಡವರನ್ನು ದೂರ ಇಡುವುದು. ನ್ವೊಯೆ ಇಗರ್ಜಿಗೆ ಹೋಗುವುದು ಕಾಡಿನಲ್ಲಿ ಅಳುತ್ತಿದ್ದ ಆ ಕೂಸುಗಳ ಮತ್ತು ಇಕೆಮೆಫುನಾನ ನೆನಪಿಗೆ ಅಲ್ಲಿನ ಹಾಡೊಂದು ತಂಪೆರೆದದ್ದರಿಂದ. ಚೋಮನ ಮಗ ಗುರುವನೂ ಹೀಗೇ ಮನೆ ಬಿಟ್ಟು ಕ್ರಿಸ್ತನವನಾಗುತ್ತಾನೆ, ಅಲ್ಲಿ ಕಾರಣ ಪ್ರೀತಿ. 1933ರ ಕಾರಂತರೂ 1958ರ ಅಚೆಬೆಯೂ ಒಂದೇ ಗಾಯದ ಹತ್ತಿರ ನಿಂತಿದ್ದರು.

ಈಗ ಮಾವನ ಮಾತಿಗೆ ಬರೋಣ. ಅಚೆಬೆಯನ್ನು ಆಫ್ರಿಕಾ ಕಾದಂಬರಿಯ ಪಿತಾಮಹ ಎನ್ನುವುದು ವಾಡಿಕೆ. ಪಿತಾಮಹನಿಗಿಂತ ಮೊದಲೇ ಮಕ್ಕಳು ಹುಟ್ಟಿದ್ದವು ಎಂಬುದು ತೊಡಕು. ಈಗಿನ ಲೆಸೊಥೊದ ಥಾಮಸ್ ಮೊಫೊಲೊ ಜುಲು ದೊರೆಯ ಮೇಲೆ ಸೆಸೊಥೊ ಭಾಷೆಯಲ್ಲಿ ಬರೆದ 'ಚಾಕಾ' 1925ರಲ್ಲೇ ಬಂದಿತ್ತು. ಮಿಷನ್ನಿನವರು ಹಿಂದೇಟು ಹಾಕಿದ್ದರಿಂದ ಹಸ್ತಪ್ರತಿ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಅಚೆಬೆಯ ಸ್ವಂತ ಭಾಷೆಯಲ್ಲೇ ಪೀಟಾ ನ್ವಾನಾ ಅವರ 'ಒಮೆನುಕೊ' 1933ರಲ್ಲಿ ಬಂತು. ನೈಜೀರಿಯಾದ ಇನ್ನೊಂದು ಭಾಷೆ ಯೊರುಬಾದಲ್ಲಿ ಫಗುನ್ವಾ 1938ರಲ್ಲಿ ಕಾಡು, ಭೂತ, ಬೇಟೆಗಾರರ ಕಾದಂಬರಿ ಬರೆದರು. ಮುಂದೆ ವೊಲೆ ಸೊಯಿಂಕಾ ಅದನ್ನು ಇಂಗ್ಲಿಷಿಗೆ ತಂದರು. 1952ರಲ್ಲಿ ಅಮೊಸ್ ಟುಟುವೊಲಾ ಅವರ ಹೆಂಡಗುಡುಕನ ಕತೆ ಲಂಡನ್ನಿನಲ್ಲೇ ಅಚ್ಚಾಗಿತ್ತು. ಅದರ ಮುರುಕು ಇಂಗ್ಲಿಷ್ ಕಂಡು ಹೊರಗಿನವರು ಕುಣಿದಾಡಿದರು, ಊರಿನ ಓದಿದವರು ನಾಚಿಕೊಂಡರು. ಫ್ರೆಂಚ್ ಭಾಷೆಯ ಕಡೆ ಸೆಂಗೋರ್ ಮತ್ತು ಗೆಳೆಯರು 1930ರ ದಶಕದಿಂದಲೇ ಕಪ್ಪುತನವನ್ನು ಹೆಮ್ಮೆಯಿಂದ ಹಾಡುತ್ತಿದ್ದರು. ಅರಬ್ಬಿಯ ಉತ್ತರ ಆಫ್ರಿಕಾದ್ದು ಬೇರೆಯೇ ದೊಡ್ಡ ಮನೆ.

ಹೀಗಿದ್ದೂ ಅಚೆಬೆಯೇ ಮೊದಲಿಗರಾದದ್ದು ಹೇಗೆ? ಪುಸ್ತಕದ ಗುಣ ಒಂದು ಕಾರಣ. ಇನ್ನೊಂದು, ಅಷ್ಟೇ ದೊಡ್ಡದು, ಅಚ್ಚು ಮತ್ತು ಪಠ್ಯ. 1962ರಲ್ಲಿ ಹೈನ್‌ಮನ್ 'ಆಫ್ರಿಕನ್ ರೈಟರ್ಸ್ ಸೀರೀಸ್' ಎಂಬ ಅಗ್ಗದ ಮಾಲೆ ಶುರು ಮಾಡಿತು. ಮೊದಲ ಸಂಖ್ಯೆ ಇದೇ ಕಾದಂಬರಿ. ಮಾಲೆಯ ಸಲಹಾ ಸಂಪಾದಕರು ಅಚೆಬೆಯೇ, ಹತ್ತು ವರ್ಷ. ಧಾರವಾಡದಲ್ಲಿ 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಇಲ್ಲದ ನವ್ಯ ಸಾಹಿತ್ಯವನ್ನು ಊಹಿಸಿದರೆ ಇದರ ತೂಕ ತಿಳಿಯುತ್ತದೆ. ಪರಂಪರೆ ತಾನಾಗಿ ಹರಿದು ಬರುವುದಲ್ಲ, ಯಾರೋ ಕಾಲುವೆ ತೋಡಿರುತ್ತಾರೆ. ಅದೇ 1962ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕಾ ಲೇಖಕರ ಸಮ್ಮೇಳನ ನಡೆಯಿತು. ವಿದ್ಯಾರ್ಥಿಯೊಬ್ಬ ತನ್ನ ಹಸ್ತಪ್ರತಿಯನ್ನು ಅಚೆಬೆಯ ಕೈಗಿಟ್ಟ. ಅವರೇ ಮುಂದೆ ಗೂಗಿ ವಾ ಥಿಯಾಂಗೊ ಎಂದು ಹೆಸರಾದ ಕೀನ್ಯಾದ ಲೇಖಕ.

ಗೂಗಿಯೇ ಮುಂದೆ ಅಚೆಬೆಗೆ ಎದುರು ಅರ್ಥ ಹೇಳಿದ್ದು ಈ ಕತೆಯ ಸೊಗಸು. ಐರಿಷ್ ಕವಿ ಯೇಟ್ಸ್‌ರ ಸಾಲಿನಿಂದ ತಲೆಬರಹ ಪಡೆದು, ಒಳಗೆ ಇಗ್ಬೊ ಗಾದೆ ತುಂಬಿಸಿ, ಇಂಗ್ಲಿಷನ್ನೇ ತನ್ನ ಊರಿನ ಲಯಕ್ಕೆ ಬಗ್ಗಿಸಬಹುದು ಎಂಬುದು ಅಚೆಬೆಯ ನಂಬಿಕೆ. ಕುಮಟೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಯಲ್ಲಿ ಉಪ್ಪುನೀರನ್ನೇ ಸಹಿಸಿ ಕಗ್ಗ ಭತ್ತ ಬೆಳೆಯುವುದಿಲ್ಲವೇ, ಹಾಗೆ. ಗೂಗಿ ಒಪ್ಪಲಿಲ್ಲ. ಸ್ವಾಹಿಲಿಯ ಮಹಾಕವಿ ಶಾಬಾನ್ ರಾಬರ್ಟ್, ಯೊರುಬಾದ ಫಗುನ್ವಾ ಅಂಥವರಿಗೆ ಮಕೆರೆರೆಯಲ್ಲಿ ಜಾಗವೇ ಇರಲಿಲ್ಲವಲ್ಲ ಎಂದು ಕೇಳಿದರು. 1977ರಲ್ಲಿ ತಮ್ಮ ತಾಯ್ನುಡಿ ಗಿಕುಯುವಿನ ನಾಟಕಕ್ಕಾಗಿ ಕೀನ್ಯಾ ಸರ್ಕಾರ ಅವರನ್ನು ಜೈಲಿಗೆ ಹಾಕಿದಾಗ, ಅಲ್ಲಿನ ಟಾಯ್ಲೆಟ್ ಕಾಗದದ ಮೇಲೆ ಗಿಕುಯುವಿನಲ್ಲೇ ಕಾದಂಬರಿ ಬರೆದರು.

ಮನೆಮಾತು ಕೊಂಕಣಿ, ಬರೆದದ್ದು ಕನ್ನಡ: ಹನೇಹಳ್ಳಿಯ ಚಿತ್ತಾಲರಿಂದ ಗೋಕರ್ಣದ ಜಯಂತ ಕಾಯ್ಕಿಣಿಯವರವರೆಗೆ ಇದು ನಮ್ಮ ಜಿಲ್ಲೆಗೆ ಹೊಸತಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಕನ್ನಡ ಬಂದೂಕು ಹಿಡಿದು ಹಡಗಿನಿಂದ ಇಳಿದು ಬಂದ ಭಾಷೆಯಲ್ಲ. ನನ್ನನ್ನು ಕೇಳಿದರೆ ವಾದದಲ್ಲಿ ಗೂಗಿ ಗೆದ್ದರು, ಕಾದಂಬರಿಯಲ್ಲಿ ಅಚೆಬೆ.

ಇನ್ನೂ ಗಟ್ಟಿಯಾದ ಉತ್ತರ ಹೆಂಗಸರಿಂದ ಬಂತು. ಒಕೊಂಕ್ವೊ ಶಾಂತಿಯ ವಾರದಲ್ಲೂ ಕಿರಿಯ ಹೆಂಡತಿಗೆ ಹೊಡೆಯುತ್ತಾನೆ. ಊರು ಅವನಿಗೆ ದಂಡ ಹಾಕುವುದು ಭೂದೇವಿಯ ಕಟ್ಟು ಮುರಿದದ್ದಕ್ಕೆ. ಪೆಟ್ಟು ತಿಂದವಳು ಏನು ಯೋಚಿಸಿದಳು ಎಂಬುದಕ್ಕೆ ಪುಸ್ತಕ ಹೆಚ್ಚು ನಿಲ್ಲುವುದಿಲ್ಲ. 1966ರಲ್ಲಿ ಇಗ್ಬೊ ನಾಡಿನವರೇ ಆದ ಫ್ಲೋರಾ ನ್ವಾಪಾ 'ಎಫುರು' ಬರೆದರು, ಅದೇ ಹೈನ್‌ಮನ್ ಮಾಲೆಯಲ್ಲಿ. ವ್ಯಾಪಾರ ಮಾಡುವ, ಗಂಡಂದಿರನ್ನು ಬಿಟ್ಟು ಬರುವ, ತಾಯ್ತನವೊಂದೇ ಬಾಳಲ್ಲ ಎಂದು ತಿಳಿಯುವ ಹೆಣ್ಣು. ಅದರ ಕೊನೆಯ ಸಾಲುಗಳಿಂದಲೇ ತಲೆಬರಹ ಹೆಕ್ಕಿಕೊಂಡು ಬುಚಿ ಎಮೆಚೆಟಾ 1979ರಲ್ಲಿ 'ದಿ ಜಾಯ್ಸ್ ಆಫ್ ಮದರ್‌ಹುಡ್' ಬರೆದರು, ಕಹಿ ವ್ಯಂಗ್ಯದಲ್ಲಿ. 2003ರಲ್ಲಿ ಚಿಮಮಾಂಡಾ ಅಡೀಚಿ ತಮ್ಮ ಮೊದಲ ಕಾದಂಬರಿಯ ಮೊದಲ ವಾಕ್ಯದಲ್ಲೇ ಅಚೆಬೆಯ ತಲೆಬರಹವನ್ನು ಹೆಣೆದರು. ಅಲ್ಲಿ ಒಡೆದು ಬೀಳುವುದು ಒಂದು ಮನೆ, ಒಡೆಯುವವನು ಹೆಂಡತಿ ಮಕ್ಕಳನ್ನು ಬಡಿಯುವ ಧರ್ಮಿಷ್ಠ ಅಪ್ಪ. ಅಡೀಚಿ ಬೆಳೆದದ್ದು ನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಹಿಂದೆ ಅಚೆಬೆ ವಾಸವಿದ್ದ ಮನೆಯಲ್ಲೇ. ಇವರನ್ನೆಲ್ಲ ಓದಿ ಹಿಂತಿರುಗಿದರೆ ಒಕೊಂಕ್ವೊನ ಕತೆಯೇ ಬೇರೆಯಾಗಿ ಕಾಣುತ್ತದೆ. ಊರಿಗೆ ಬಿಳಿಯರು ಬರುವ ಮೊದಲೇ ಆ ಅಂಗಳದಲ್ಲಿ ಏನೋ ಬಿರುಕು ಬಿಟ್ಟಿತ್ತಲ್ಲ ಅನಿಸುತ್ತದೆ.

ಅಚೆಬೆಯ ಕಾದಂಬರಿಯ ಹನ್ನೊಂದನೆಯ ಅಧ್ಯಾಯದಲ್ಲಿ ಒಕೊಂಕ್ವೊನ ಹೆಂಡತಿ ಎಕ್ವೆಫಿ ತನ್ನ ಮಗಳು ಎಜಿನ್ಮಾಳಿಗೆ ಆಮೆಯ ಕತೆ ಹೇಳುತ್ತಾಳೆ. ಹಕ್ಕಿಗಳಿಗೆಲ್ಲ ಆಕಾಶದಲ್ಲಿ ಔತಣ. ಆಮೆ ಒಬ್ಬೊಬ್ಬರಿಂದ ಒಂದೊಂದು ಗರಿ ಕಡ ತೆಗೆದುಕೊಂಡು ರೆಕ್ಕೆ ಕಟ್ಟಿಕೊಳ್ಳುತ್ತದೆ. ಔತಣಕ್ಕೆ ಹೋಗುವಾಗ ಹೊಸ ಹೆಸರು ಇಟ್ಟುಕೊಳ್ಳಬೇಕು ಎಂದು ಹೇಳಿ, ತಾನು 'ನೀವೆಲ್ಲರೂ' ಎಂಬ ಹೆಸರು ಇಟ್ಟುಕೊಳ್ಳುತ್ತದೆ. ಈ ಅಡುಗೆ ಯಾರಿಗೆ ಎಂದು ಕೇಳಿದರೆ ಆಕಾಶದವರು, ನಿಮ್ಮೆಲ್ಲರಿಗೂ ಎನ್ನುತ್ತಾರೆ. ಒಳ್ಳೆಯದನ್ನೆಲ್ಲ ಆಮೆ ತಿನ್ನುತ್ತದೆ. ಸಿಟ್ಟಾದ ಹಕ್ಕಿಗಳು ಗರಿ ಕಿತ್ತುಕೊಳ್ಳುತ್ತವೆ, ಆಮೆ ಬಿದ್ದು ಚಿಪ್ಪು ಒಡೆದುಕೊಳ್ಳುತ್ತದೆ. ನಮ್ಮ ಪಂಚತಂತ್ರದ ಆಮೆ ಬಾಯಿ ತೆರೆದು ಬಿದ್ದದ್ದು, ಇದು ಹೆಸರಿನ ಆಸೆಗೆ. ಊರಿಗೆ ಬಂದು ಎಲ್ಲವೂ ತನ್ನದೆಂದ ಬಿಳಿಯರ ಕತೆ ಇದು ಎಂದು ಓದುವವರಿದ್ದಾರೆ. ನನಗೆ ಈಚೆಗೆ ಇದು ಈ ಕಾದಂಬರಿಯ ಪಾಡೂ ಹೌದು ಅನಿಸುತ್ತಿದೆ. ಮೊಫೊಲೊ, ಫಗುನ್ವಾ, ಟುಟುವೊಲಾ, ಊರ ಅಜ್ಜಿಯರು ಎಲ್ಲರ ಗರಿಯೂ ಸೇರಿ ಹಾರಿದ ಪುಸ್ತಕ. ನಾವು ಓದುಗರು ಅದಕ್ಕೆ 'ಆಫ್ರಿಕಾ' ಎಂದು ಹೆಸರಿಟ್ಟೆವು, ಎಲ್ಲರ ಪಾಲಿನ ಊಟವನ್ನೂ ಅದಕ್ಕೇ ಬಡಿಸಿದೆವು. ಹೆಸರು ಅಚೆಬೆ ಕೇಳಿ ಪಡೆದದ್ದಲ್ಲ ಎಂಬುದಷ್ಟೇ ವ್ಯತ್ಯಾಸ.

ಮೊನ್ನೆ ಮಾವ ಫೋನು ಮಾಡಿ ಮುಂದಿನ ಕೂಟಕ್ಕೆ ಯಾವ ಪುಸ್ತಕ ಎಂದು ಕೇಳಿದರು. 'ಎಫುರು' ಅಂದೆ, ಅದೇ ಸೀಮೆಯ ಹೆಂಗಸೊಬ್ಬರು ಬರೆದದ್ದು ಎಂದೂ ಹೇಳಿದೆ. ಆಚೆ ಕಡೆ ಕವಳ ಉಗಿದ ಸದ್ದಾಯಿತು.

"ಹಂಗಾರೆ ಒಕೊಂಕ್ವೊನ ಹೆಂಡ್ರು ಎಂತ ಹೇಳ್ತ ಕೇಳನ" ಅಂದರು.